ಹಳೆಯ ಕಿವಿ, ಹೊಸ ಹಾಡು

ಇಳಯರಾಜರ ಹೊಸ ಚಿತ್ರವೊಂದರ ಹಾಡುಗಳು ಹೊರಬಿದ್ದ ದಿನ ಅವರ ಅಭಿಮಾನಿಗಳ ನಡುವೆ ಏಳುವ ಮೊದಲನೆಯ ಪ್ರಶ್ನೆ "ರಾಜ ಮರಳಿ ಬಂದರೆ?" ಎಂಬುದು. ಹಾಡು ಹೇಗಿದೆ ಎಂಬ ವಿಚಾರ ಅದರ ಹಿಂದಿನಿಂದ, ಸ್ವಲ್ಪ ಸಂಕೋಚಪಟ್ಟುಕೊಂಡು ಬರುತ್ತದೆ. ಅವರು ಹೋದದ್ದಾದರೂ ಎಲ್ಲಿಗೆ ಎಂದು ಕೇಳುವವರಿಲ್ಲ. 1976ರಲ್ಲಿ 'ಅನ್ನಕ್ಕಿಳಿ' ಚಿತ್ರದಿಂದ ಮೊದಲುಗೊಂಡು ಈ ಮನುಷ್ಯ ಕೆಲಸ ನಿಲ್ಲಿಸಿದ್ದೇ ಇಲ್ಲ. 2025ರ ಮಾರ್ಚ್ 8ರಂದು, ಎಂಬತ್ತೊಂದನೆಯ ವಯಸ್ಸಿನಲ್ಲಿ, ಲಂಡನ್ನಿನ ಸಭಾಂಗಣದಲ್ಲಿ ತಮ್ಮ ಸಿಂಫನಿಯನ್ನು ಕೇಳಿಸಿ ಬಂದವರು ಅವರು. ಮನೆಯಲ್ಲೇ ಇರುವ ಹಿರಿಯರನ್ನು ದಿನಕ್ಕೊಮ್ಮೆ "ಊರಿಂದ ಯಾವಾಗ ಬಂದಿರಿ?" ಎಂದು ವಿಚಾರಿಸಿದಂತಾಯಿತು.

ಆದರೆ ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡುವಂತಿಲ್ಲ. ಐವತ್ತು ವರ್ಷ ದುಡಿದ ಕಲಾವಿದನ ಎದುರು ಕುಳಿತವರು ಕೇಳುವುದು ಅವನ ಇಂದಿನ ಕೃತಿಯನ್ನೋ ತಮ್ಮ ನಿನ್ನೆಯನ್ನೋ ಎಂಬುದು ಕಾವ್ಯಮೀಮಾಂಸೆಗೂ ಸೇರಿದ ಮಾತು. ಕನ್ನಡದ ವಾಚಕರಿಗಂತೂ ಇದು ಹೊಸತಲ್ಲ. 'ಗರಿ', 'ನಾದಲೀಲೆ'ಗಳ ಬೇಂದ್ರೆಯವರನ್ನು ಎದೆಗೆ ಹಚ್ಚಿಕೊಂಡವರಲ್ಲಿ ಎಷ್ಟೋ ಮಂದಿ 1964ರ 'ನಾಕು ತಂತಿ'ಯ ಹೊಸ್ತಿಲವರೆಗೆ ಬಂದು, ಒಳಗೆ ಕಾಲಿಡಲಾರದೆ ಹಿಂದಿರುಗಿದರು. 1946ರ 'ಭಾವತರಂಗ'ದ ಅಡಿಗರನ್ನು ಮೆಚ್ಚಿದ್ದವರಿಗೆ 1954ರ 'ಚಂಡೆಮದ್ದಳೆ'ಯ ಅಡಿಗರು ಬೇರೆ ಯಾರೋ ಎನ್ನಿಸಿದ್ದುಂಟು. ಇಂದಿಗೂ ಸುಗಮಸಂಗೀತದ ವೇದಿಕೆಯ ಮೇಲೆ ಒಬ್ಬ ಅಡಿಗರು, ತರಗತಿಯ ಕೋಣೆಯಲ್ಲಿ ಇನ್ನೊಬ್ಬ ಅಡಿಗರು ಇದ್ದಾರೆ. ಇಬ್ಬರಿಗೂ ಪರಸ್ಪರ ಪರಿಚಯವಿದ್ದಂತೆ ಕಾಣುವುದಿಲ್ಲ.

ಅಭಿಮಾನಿಗಳ ಪರವಾಗಿ ಹೇಳಬೇಕಾದುದನ್ನು ಮೊದಲು ಹೇಳಿಬಿಡುತ್ತೇನೆ. ಸಿನಿಮಾ ಅಭಿಮಾನಿ ಎಂದರೆ ಕಟೌಟಿಗೆ ಹಾಲೆರೆಯುವವನು ಎಂಬ ಎಣಿಕೆ ನಮ್ಮ ವಿದ್ಯಾವಂತರಲ್ಲಿ ಇನ್ನೂ ಇದೆ. ಇಳಯರಾಜರ ಅಭಿಮಾನಿಗಳೊಡನೆ ಅರ್ಧ ಗಂಟೆ ಕುಳಿತವರು ಹೀಗೆ ಹೇಳಲಾರರು. ಯಾವ ಗುರುವಿನ ಬಳಿಯೂ ಸರಳೆವರಸೆ ಕಲಿಯದ ಲಾರಿ ಚಾಲಕರು, ದರ್ಜಿಗಳು, ಬ್ಯಾಂಕಿನ ಗುಮಾಸ್ತರು ಪಲ್ಲವಿಗೂ ಚರಣಕ್ಕೂ ನಡುವಣ ವಾದ್ಯಭಾಗವನ್ನು ಒಂದು ಸ್ವರವೂ ತಪ್ಪದಂತೆ ಬಾಯಲ್ಲೇ ನುಡಿಸಿ ತೋರಿಸುವುದನ್ನು ನಾನು ಕಂಡಿದ್ದೇನೆ. ಗಾಯಕ ಮೇಲೆ ಹಾಡುತ್ತಿರುವಾಗ ಬಾಸ್ ಗಿಟಾರು ಕೆಳಗೆ ತನ್ನ ಪಾಡಿಗೆ ಇನ್ನೊಂದು ಹಾಡನ್ನೇ ಹಾಡಿಕೊಳ್ಳುತ್ತಿರುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟವನು ಒಬ್ಬ ಸೈಕಲ್ ಅಂಗಡಿಯ ಹುಡುಗ. ರೀತಿಗೌಳ ಎಂಬ ರಾಗದ ಹೆಸರನ್ನು ಎಷ್ಟೋ ಮಂದಿ ಮೊದಲು ಕೇಳಿದ್ದು 1977ರ 'ಕವಿಕ್ಕುಯಿಲ್' ಚಿತ್ರಕ್ಕೆ ಬಾಲಮುರಳಿಕೃಷ್ಣ ಅವರು ಹಾಡಿದ ಹಾಡಿನಿಂದ. 1986ರಲ್ಲಿ 'ಹೌ ಟು ನೇಮ್ ಇಟ್' ಎಂಬ ವಾದ್ಯಸಂಗೀತದ ಕೃತಿಯನ್ನು ರಾಜ ಅವರು ತ್ಯಾಗರಾಜರಿಗೂ ಜರ್ಮನಿಯ ಬಾಖ್ ಮಹಾಶಯನಿಗೂ ಕೂಡಿಯೇ ಅರ್ಪಿಸಿದರು. ಅದರಲ್ಲಿ ವಿ. ಎಸ್. ನರಸಿಂಹನ್ ಅವರ ಪಿಟೀಲನ್ನು ಕೇಳಿ, ಈ ಬಾಖ್ ಎಂಬಾತ ಯಾರು ಎಂದು ಹುಡುಕಿಕೊಂಡು ಹೊರಟ ಹುಡುಗರಿದ್ದರು. ನಮ್ಮ ವಿಶ್ವವಿದ್ಯಾಲಯಗಳು ಇಷ್ಟು ಕಿವಿಗಳನ್ನು ತೆರೆದಿವೆಯೆ ಎಂದು ಕೇಳಿದರೆ ನಾನು ಉತ್ತರ ಹೇಳದೆ ಎದ್ದುಹೋಗುವೆ.

ನಾನೂ ಅದೇ ಶಾಲೆಯವನು. ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಗಳ ಊರಿನಲ್ಲಿ. ಮನೆಯ ಮಾತು ಕನ್ನಡ, ಬೀದಿಯ ಮಾತು ತಮಿಳು, ಗಣಿಯ ಮಾತು ಎರಡಕ್ಕೂ ಇಂಗ್ಲಿಷನ್ನು ಬೆರೆಸಿದ್ದು. ಚಹದ ಅಂಗಡಿಗಳಲ್ಲಿ ಬೆಳಗಿನ ಪಾಳಿಗೆ ಹೋಗುವವರಿಗಾಗಿ ಟೇಪ್‌ರೆಕಾರ್ಡರು ಐದು ಗಂಟೆಗೇ ಹಾಡತೊಡಗುತ್ತಿತ್ತು. ಅಣ್ಣ ನನಗಿಂತ ಏಳು ವರ್ಷ ಹಿರಿಯ. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ಟನ್ನು ಕೊಂಡು, ಬೇಕಾದ ಹಾಡುಗಳ ಚೀಟಿ ಬರೆದು, ಅಂಗಡಿಯಲ್ಲಿ ಕೊಟ್ಟು ಬರುತ್ತಿದ್ದ. ಎರಡು ದಿನ ಬಿಟ್ಟು ಹೋದರೆ ತುಂಬಿ ಇಟ್ಟಿರುತ್ತಿದ್ದರು. ಆ ಚೀಟಿಯನ್ನು ಬರೆಯುವುದು ಮನೆಯಲ್ಲಿ ಒಂದು ವಾರದ ಕೆಲಸ. ಒಂದು ಬದಿಗೆ ಆರು ಹಾಡು ಹಿಡಿದರೆ ಏಳನೆಯದು ಅರ್ಧಕ್ಕೆ ತುಂಡಾಗುತ್ತಿತ್ತು. ಆದ್ದರಿಂದ ಯಾವುದನ್ನು ಬಿಡಬೇಕು ಎಂಬುದರಲ್ಲಿ ಅವನ ವಿವೇಚನೆಯೆಲ್ಲ ವೆಚ್ಚವಾಗುತ್ತಿತ್ತು. ವಿಮರ್ಶೆಯ ಮೊದಲ ಪಾಠವನ್ನು ನಾನು ಕಲಿತದ್ದು ಅಲ್ಲಿ, ಎಂ.ಎ. ತರಗತಿಯಲ್ಲಿ ಅಲ್ಲ.

ಅಣ್ಣನೂ ಗಣಿಗೆ ಸೇರಿದ. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದಾಗ ಅವನಿಗೆ ಇಪ್ಪತ್ತೊಂಬತ್ತು. ಅಂದಿನಿಂದ ಊರಿನ ಸಾವಿರಾರು ಜನರಂತೆ ಅವನೂ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿಯ ರೈಲಿನಲ್ಲಿ ಬರುವವನಾದ. ಕ್ಯಾಸೆಟ್ಟುಗಳು ಬೀರುವಿನ ಮೇಲೆ, ಅಕ್ಕಿಯ ಚೀಲದ ಬಟ್ಟೆಯಲ್ಲಿ ಕಟ್ಟಿಟ್ಟ ಗಂಟಾದವು. ಇದನ್ನು ಹೇಳಿದ್ದೇಕೆಂದು ಮುಂದೆ ತಿಳಿಯುತ್ತದೆ.

ಈಗ 2012ಕ್ಕೆ ಬರೋಣ. ಆ ವರ್ಷದ ಸೆಪ್ಟೆಂಬರ್ 1ರಂದು ಚೆನ್ನೈಯ ನೆಹರೂ ಒಳಾಂಗಣ ಕ್ರೀಡಾಂಗಣದಲ್ಲಿ 'ನೀದಾನೇ ಎನ್ ಪೊನ್ವಸಂತಂ' ಚಿತ್ರದ ಎಂಟು ಹಾಡುಗಳು ಬಿಡುಗಡೆಯಾದವು. ನಿರ್ದೇಶಕ ಗೌತಮ್ ವಾಸುದೇವ್ ಮೆನನ್, ಗೀತರಚನೆ ನಾ. ಮುತ್ತುಕುಮಾರ್. ಈ ಚಿತ್ರದ ಹೆಸರನ್ನೇ ನೋಡಿ. 1982ರಲ್ಲಿ ಶ್ರೀಧರ್ ಅವರು ನಿರ್ದೇಶಿಸಿದ 'ನಿನೈವೆಲ್ಲಾಂ ನಿತ್ಯಾ' ಚಿತ್ರಕ್ಕೆ ಇಳಯರಾಜ ರಾಗ ಹಾಕಿ, ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ ಗೀತೆಯೊಂದರಿಂದ ಎತ್ತಿಕೊಂಡ ಹೆಸರು ಅದು. ಹೊಸ ಚಿತ್ರದ ನಾಯಕಿಯ ಹೆಸರೂ ನಿತ್ಯಾ. ಎಂದರೆ ಈ ಚಿತ್ರವನ್ನು ತೆಗೆದವರೇ ಒಬ್ಬ ಅಭಿಮಾನಿ. ಮೂವತ್ತು ವರ್ಷದ ಹಿಂದಿನ ಹಾಡನ್ನು ಬಾಗಿಲಿಗೆ ತೋರಣವಾಗಿ ಕಟ್ಟಿ, ಆ ಹಾಡು ಮಾಡಿದವರನ್ನೇ ಒಳಗೆ ಕರೆದು, "ಇನ್ನೊಮ್ಮೆ" ಎಂದು ಕೈಮುಗಿದಂತಾಯಿತು. ಒಂದು ಕೃತಿಗೆ ಇದಕ್ಕಿಂತ ಪ್ರೀತಿಯ ಆಮಂತ್ರಣವೂ ಇಲ್ಲ, ಇದಕ್ಕಿಂತ ಅಪಾಯದ ಆಮಂತ್ರಣವೂ ಇಲ್ಲ.

ಬಂದ ಹಾಡುಗಳು ಬೇರೆಯೇ ಆಗಿದ್ದವು. ಯೂರೋಪಿನ ವಾದ್ಯಗಾರರ ದೊಡ್ಡ ಮೇಳ, ಎದ್ದುಕಾಣುವ ವಿದ್ಯುತ್ ಗಿಟಾರು, ಡ್ರಮ್ಮು. ಗಾಯಕರಲ್ಲಿ ಕಾರ್ತಿಕ್, ಸುನಿಧಿ ಚೌಹಾನ್, ರಮ್ಯಾ, ಬೇಲಾ ಶೆಂಡೆ, ಮಗ ಯುವನ್ ಶಂಕರ್ ರಾಜ. ಅಭಿಮಾನಿಗಳಲ್ಲಿ ಎದ್ದ ಗದ್ದಲವನ್ನು ಆಗ ಕೇಳಿದವರಿಗೆ ನೆನಪಿರಬಹುದು. ಒಬ್ಬರು ಮೊದಲ ಬಾರಿಗೆ ಕೇಳಿ ಮುಗಿಯುವ ಮುನ್ನವೇ ಮಹಾಕೃತಿ ಎಂದು ಸಾರಿದರು. ಇನ್ನೊಬ್ಬರು ಡ್ರಮ್ಮಿನ ಸದ್ದು ತಗಡಿನ ಡಬ್ಬಿಯದು ಎಂದರು. ಮಗನ ಧ್ವನಿ ಶ್ರುತಿಯಲ್ಲಿ ನಿಲ್ಲುತ್ತಿಲ್ಲ ಎಂದು ಕೆಲವರು ಹೇಳಿದರೆ, ಅದನ್ನು ಹೇಳುವವನ ಕಿವಿಯೇ ಶ್ರುತಿಯಲ್ಲಿಲ್ಲ ಎಂದು ಉತ್ತರ ಬಂತು. "ಹತ್ತು ಸಲ ಕೇಳಿ, ಆಮೇಲೆ ಮಾತನಾಡಿ" ಎಂಬುದು ಅಭಿಮಾನಿಗಳ ಹಳೆಯ ಬ್ರಹ್ಮಾಸ್ತ್ರ. ಹತ್ತು ಸಲ ಕೇಳಿದರೆ ರೈಲ್ವೆ ನಿಲ್ದಾಣದ ಪ್ರಕಟಣೆಯೂ ಬಾಯಿಪಾಠವಾಗಿ ಪ್ರಿಯವಾಗುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ಅಭಿಪ್ರಾಯ ಹೀಗೆ. ಎಂಟರಲ್ಲಿ ಮೂರು ಹಾಡುಗಳು ಉಳಿದಿವೆ, ಉಳಿಯುತ್ತವೆ. ಕಾರ್ತಿಕ್ ಹಾಡಿರುವ, ಗಾಳಿಯನ್ನು ಕುರಿತ ಗೀತೆಯಲ್ಲಿ ತಂತಿವಾದ್ಯಗಳ ಮೇಳ ಗಾಯಕನಿಗೆ ಹಾಸಿಗೆ ಹಾಸಿ ಕೊಡುವುದಿಲ್ಲ. ಅವನ ಜೊತೆಗೆ ನಡೆಯುತ್ತದೆ, ಒಮ್ಮೊಮ್ಮೆ ಅವನಿಗಿಂತ ಮುಂದೆ ಹೋಗಿ ತಿರುಗಿ ನೋಡುತ್ತದೆ. ರಮ್ಯಾ ಅವರು ಹಾಡಿದ ವಿರಹದ ಹಾಡಂತೂ ಚಿತ್ರಗೀತೆಯ ಮಾಮೂಲು ಅಳುವಿನಿಂದ ದೂರ. ಜಗಳವಾಡಿ ಹೊರಬಂದವಳಲ್ಲಿ ದುಃಖದ ಜೊತೆಗೆ ಕೋಪವೂ ಇರುತ್ತದೆಯಲ್ಲವೆ? ಆ ಕೋಪ ಅಲ್ಲಿ ವಾದ್ಯಗಳ ಪಾಲಿಗೆ ಬಂದಿದೆ, ದುಃಖ ಧ್ವನಿಯ ಪಾಲಿಗೆ. ಎಂಬತ್ತರ ದಶಕದ ರಾಜ ಇದನ್ನು ಹೀಗೆ ಮಾಡುತ್ತಿರಲಿಲ್ಲ. ಮೂರನೆಯದು ಬೇಲಾ ಶೆಂಡೆಯವರೊಡನೆ ತಾವೇ ಹಾಡಿರುವುದು. ಯುವನ್ ವಿಚಾರದಲ್ಲಿ ಎರಡೂ ಪಕ್ಷಗಳವರು ಆತುರಪಟ್ಟರು ಎನ್ನಬೇಕು. ತಪ್ಪುಮಾಡುವ, ಹುಂಬನಾದ ಹುಡುಗನ ಪಾತ್ರಕ್ಕೆ ಆ ಒರಟು ಧ್ವನಿ ಒಂದು ಹಾಡಿನಲ್ಲಿ ಹೊಂದಿದೆ, ಇನ್ನೊಂದರಲ್ಲಿ ಹೊಂದಿಲ್ಲ. ಅರ್ಧದಲ್ಲಿ ಪಾಶ್ಚಾತ್ಯ ರಾಕ್‌ನಿಂದ ಊರಹಬ್ಬದ ಕುಣಿತಕ್ಕೆ ಜಿಗಿಯುವ ಹಾಡು ಜಿಗಿಯುವಾಗಲೇ ಕಾಲು ಮುರಿದುಕೊಂಡಿತು. ಸದ್ದಿನ ಬಗೆಗಿನ ದೂರಿನಲ್ಲಿಯೂ ಹುರುಳಿದೆ. ಹಿಂದೆ ವಾದ್ಯಗಾರರೂ ಗಾಯಕರೂ ಒಂದೇ ಕಡೆ ಕಲೆತು, ಒಂದೇ ಉಸಿರಿಗೆ ಮುದ್ರಿಸುತ್ತಿದ್ದರು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ ನುಡಿಸಬೇಕು. ಆ ಭಯದಿಂದ ಹುಟ್ಟುವ ಒಂದು ಬಿಗಿ, ಒಂದು ಬಿಸಿ ಇತ್ತು. ಒಂದೊಂದು ವಾದ್ಯವನ್ನೂ ಬೇರೆಬೇರೆಯಾಗಿ ಮುದ್ರಿಸಿ ಆಮೇಲೆ ಹೊಲಿಯುವ ಕ್ರಮದಲ್ಲಿ ಹೊಲಿಗೆ ಚೆನ್ನಾಗಿದ್ದರೂ ಆ ಬಿಸಿ ಬರುವುದು ಕಷ್ಟ.

ಇಷ್ಟನ್ನೂ ನಾನು ಆಗ ಅಣ್ಣನಿಗೆ ಹೇಳಿದೆ. ರೈಲಿನಿಂದ ಇಳಿದು ಬಂದು, ಕೈಕಾಲು ತೊಳೆದು, ಊಟಕ್ಕೆ ಮುಂಚೆ ಕುಳಿತು ಒಂದೂವರೆ ಹಾಡು ಕೇಳಿದ್ದ. "ಇದು ನಮ್ಮೋರ್ದಲ್ಲ ಕಣೋ" ಎಂದು ಎದ್ದ. ನಾನು ಬಿಡಲಿಲ್ಲ. ಕಾವ್ಯಮೀಮಾಂಸೆಯ ಪಾಠ ಮಾಡಿ ಮಾಡಿ ಬಂದ ದರ್ಪ ಇರುತ್ತದೆಯಲ್ಲ. ಅವನ ತಟ್ಟೆಯ ಎದುರಿಗೇ ಕುಳಿತು, "ನಿಂಗೆ ಬೇಕಾಗಿರೋದು ಹಾಡಲ್ಲ ಅಣ್ಣ, ನಿನ್ನ ಇಪ್ಪತ್ತನೇ ವಯಸ್ಸು" ಎಂದೆ.

"ಹೂಂ, ಅದೇ ಬೇಕು. ಕೊಡ್ತೀಯಾ?" ಎಂದ.

ಈ ಮಾತಿಗೆ ಉತ್ತರವಾಗಿ ಏನನ್ನಾದರೂ ಬರೆಯಬೇಕೆಂದು ಅಂದಿನಿಂದಲೂ ಇದ್ದೆ. ಈ ಲೇಖನ ಅದೇ ಎಂದು ತಿಳಿಯಬಹುದು.

ರಸಾನುಭವಕ್ಕೆ ಅಡ್ಡಬರುವ ವಿಘ್ನಗಳು ಏಳು ಎಂದು ಅಭಿನವಗುಪ್ತ ನಾಟ್ಯಶಾಸ್ತ್ರದ ವ್ಯಾಖ್ಯಾನದಲ್ಲಿ ಎಣಿಸುತ್ತಾನೆ. ಅವುಗಳಲ್ಲಿ ಒಂದು, ನೋಡುವವನು ತನ್ನ ಸ್ವಂತದ ಸುಖದುಃಖಗಳಿಗೆ ವಶನಾಗಿಬಿಡುವುದು. ಮಗನನ್ನು ಕಳೆದುಕೊಂಡು ಬಂದವನಿಗೆ ರಂಗದ ಮೇಲಿನ ರಾಮ ಕಾಣುವುದಿಲ್ಲ, ಕಾಣುವುದು ಅವನ ಮಗನೇ. ಇದಕ್ಕೆ ಆಚಾರ್ಯನು ಹೇಳುವ ಪರಿಹಾರ ನಮ್ಮ ಪ್ರಕೃತ ವಿಷಯಕ್ಕೆ ತೀರ ಕುತೂಹಲಕರವಾದುದು. ವಾದ್ಯ, ಗಾನ, ಅಲಂಕರಿಸಿದ ಮಂಟಪ ಮೊದಲಾದವುಗಳಿಂದ ಅವನ ಮನಸ್ಸನ್ನು ರಂಜಿಸಿ, ಅವನ ಸ್ವಂತದ ಗಂಟಿನಿಂದ ಬಿಡಿಸಬೇಕಂತೆ. ಸಂಗೀತವು ಮನುಷ್ಯನನ್ನು ಅವನಿಂದ ಹೊರಗೆ ತರುವ ಸಾಧನ ಎಂಬುದು ಕಾಶ್ಮೀರದ ಆ ಪಂಡಿತನ ನಂಬಿಕೆ. ಹಾಡೇ ಮನುಷ್ಯನನ್ನು ಅವನ ಹಿತ್ತಿಲಿಗೆ ಒಯ್ದು, ಹಳೆಯ ಬಾವಿಕಟ್ಟೆಯ ಮೇಲೆ ಕೂರಿಸಿ ಬರುವ ಸಂದರ್ಭವನ್ನು ಅವನು ಲೆಕ್ಕಿಸಿದಂತಿಲ್ಲ. ಅದೇ ಹಾಡನ್ನು ಬೇಕಾದಾಗ ಬೇಕಾದಷ್ಟು ಸಲ ಕೇಳುವ ಯಂತ್ರ ಅವನ ಕಾಲದಲ್ಲಿ ಇರಲಿಲ್ಲ. ಸಾವಿರ ಸಲ ಕೇಳಿದ ಹಾಡಿನಲ್ಲಿ ಹಾಡು ಎಷ್ಟು, ಆ ಸಾವಿರ ದಿನಗಳು ಎಷ್ಟು ಎಂದು ಬೇರ್ಪಡಿಸುವುದು ಯಾರಿಗೆ ಸಾಧ್ಯ?

ಕಾಳಿದಾಸ ಮಾತ್ರ ಇದನ್ನು ಬಲ್ಲ. ಶಾಕುಂತಲದ ಐದನೆಯ ಅಂಕದ ಮೊದಲಲ್ಲಿ ಹಂಸಪದಿಕೆ ಒಳಗೆಲ್ಲೋ ಹಾಡುತ್ತಾಳೆ. ದುಷ್ಯಂತ ಕೇಳಿ ಕಳವಳಗೊಳ್ಳುತ್ತಾನೆ. ಪ್ರಿಯರಾದವರನ್ನು ಅಗಲಿಲ್ಲ, ಆದರೂ ಏಕೆ ಹೀಗೆ ಎಂದು ತನ್ನನ್ನೇ ಕೇಳಿಕೊಂಡು, ಜನ್ಮಾಂತರದ ಸ್ನೇಹದ ನೆನಪಿರಬಹುದೆಂದು ಸಮಾಧಾನ ಹೇಳಿಕೊಳ್ಳುತ್ತಾನೆ. ಈ ಭಾಗವನ್ನು ನಾವು ವಾಸನೆಯ ಉದಾಹರಣೆಯಾಗಿ ಪಾಠ ಹೇಳಿ ಮುಂದೆ ಹೋಗುತ್ತೇವೆ. ಅದರ ಬೆನ್ನಿಗೇ ಏನಾಗುತ್ತದೆ ಎಂಬುದನ್ನು ಮರೆಯುತ್ತೇವೆ. ಹಾಡು ಕೇಳಿ ಇಷ್ಟು ಕರಗಿದ ರಾಜನ ಎದುರಿಗೆ ಶಕುಂತಲೆಯೇ ಬಂದು ನಿಲ್ಲುತ್ತಾಳೆ. ಅವನಿಗೆ ಗುರುತು ಸಿಕ್ಕುವುದಿಲ್ಲ! ಶಾಪದ ಮಾತು ಹಾಗಿರಲಿ. ಹಾಡಿನಲ್ಲಿ ಹಳೆಯ ಪ್ರೀತಿಯನ್ನು ಹುಡುಕುತ್ತ ಕುಳಿತವನು ಹೊಸಿಲ ಮುಂದೆ ನಿಂತವಳನ್ನು ನೋಡುತ್ತಿಲ್ಲ ಎಂಬುದು ನಾಟಕದಲ್ಲಿ ಕಣ್ಣಿಗೆ ಕಾಣುವ ಸಂಗತಿ. 2012ರಲ್ಲಿ ಅಭಿಮಾನಿಗಳು ಮಾಡಿದ್ದು ಇದನ್ನೇ. ಹೊಗಳಿದವರೂ ಇದನ್ನೇ ಮಾಡಿದರು ಎಂಬುದನ್ನು ಒತ್ತಿ ಹೇಳಬೇಕು. "ಇದು ಹಳೆಯ ರಾಜ ಅಲ್ಲ" ಎಂದು ಬೈದವನೂ "ಇದೇ ಹಳೆಯ ರಾಜ" ಎಂದು ಕೊಂಡಾಡಿದವನೂ ಕೈಯಲ್ಲಿ ಹಿಡಿದದ್ದು ಒಂದೇ ಅಳತೆಯ ಕೋಲು.

ಈ ಅಳತೆಗೋಲಿಗೆ ಒಂದು ತೇದಿಯೂ ಇದೆ. 1992ರಲ್ಲಿ 'ರೋಜಾ' ಬಂತು, ರೆಹಮಾನ್ ಬಂದರು. ರಾಜ 'ಹೋದರು' ಎಂದು ಅಭಿಮಾನಿಗಳು ಎಣಿಸುವುದು ಅಲ್ಲಿಂದೀಚೆಗೆ. ಆಮೇಲೆಯೂ ಅವರ ಸಂಗೀತದಲ್ಲಿ ಬಂದ ಚಿತ್ರಗಳ ಸಂಖ್ಯೆ ಸಣ್ಣದಲ್ಲ. ಕನ್ನಡದಲ್ಲಿ 1996ರ 'ನಮ್ಮೂರ ಮಂದಾರ ಹೂವೆ'ಯ ಹಾಡುಗಳನ್ನು ಮರೆತವರುಂಟೆ? 'ಪಳಸ್ಸಿ ರಾಜ' ಎಂಬ ಮಲಯಾಳ ಚಿತ್ರದ ಹಿನ್ನೆಲೆ ಸಂಗೀತಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದು 2009ನೇ ವರ್ಷಕ್ಕೆ, 'ತಾರೈ ತಪ್ಪಟ್ಟೈ'ಗೆ ಬಂದದ್ದು 2015ನೇ ವರ್ಷಕ್ಕೆ. ಎರಡೂ ಹಾಡುಗಳಿಗಾಗಿ ಅಲ್ಲ, ಹಿನ್ನೆಲೆ ಸಂಗೀತಕ್ಕಾಗಿ ಎಂಬುದು ಗಮನಿಸತಕ್ಕ ಅಂಶ. ಕ್ಯಾಸೆಟ್ಟಿನಲ್ಲಿ ತುಂಬಿಸಿಕೊಂಡು ಮನೆಗೆ ಒಯ್ಯಲಾಗದ ಸಂಗೀತ ಅದು, ಆದ್ದರಿಂದ ಅಭಿಮಾನಿಯ ಲೆಕ್ಕದಲ್ಲಿ ಹಿಂದೆ ಬೀಳುತ್ತದೆ.

ಕನ್ನಡದ ಮಾತು ಬಂದಿತು. ಅವರಿಗೆ ಚಿತ್ರಸಂಗೀತದ ಕಸುಬು ಕೈಗೆ ಹತ್ತಿದ್ದು ನಮ್ಮ ಜಿ. ಕೆ. ವೆಂಕಟೇಶರ ಸಹಾಯಕರಾಗಿ, ಕನ್ನಡದ ಅನೇಕ ಚಿತ್ರಗಳ ವಾದ್ಯವೃಂದದಲ್ಲಿ ಕುಳಿತು. 1983ರಲ್ಲಿ ಮಣಿರತ್ನಂ ತಮ್ಮ ಮೊದಲ ಚಿತ್ರವಾದ 'ಪಲ್ಲವಿ ಅನುಪಲ್ಲವಿ'ಯನ್ನು ಕನ್ನಡದಲ್ಲಿ ತೆಗೆದಾಗ ರಾಜ ಕೊಟ್ಟ ಒಂದು ರಾಗ ಮುಂದೆ ಮೊಬೈಲ್ ಕಂಪನಿಯೊಂದರ ಜಾಹೀರಾತಾಗಿ ದೇಶವನ್ನೆಲ್ಲ ಸುತ್ತಿತು. ಅದು ಕನ್ನಡ ಹಾಡಿನದೆಂದು ತಿಳಿಯದವರೇ ಹೆಚ್ಚು. ಇರಲಿ, ಇದನ್ನು ಹೆಮ್ಮೆಗಾಗಿ ಹೇಳಿದೆನೇ ಹೊರತು ವಾದಕ್ಕಾಗಿ ಅಲ್ಲ.

2023ಕ್ಕೆ ಬರುತ್ತೇನೆ. ವೆಟ್ರಿಮಾರನ್ ನಿರ್ದೇಶಿಸಿದ 'ವಿಡುದಲೈ' ಚಿತ್ರದ ಮೊದಲ ಭಾಗ ಮಾರ್ಚ್ 31ರಂದು ತೆರೆಗೆ ಬಂತು. ಜೆಯಮೋಹನ್ ಅವರ 'ತುಣೈವನ್' ಕಥೆ ಅದಕ್ಕೆ ಆಧಾರ. ಚಿತ್ರ ಬರುವ ಮೊದಲೇ ಹಾಡುಗಳು ಬಂದಿದ್ದವು. ಅವುಗಳಲ್ಲಿ 'ಕಾಟ್ಟುಮಲ್ಲಿ' ಎಂಬುದನ್ನು ರಾಜ ತಾವೇ ಬರೆದು, ನಮ್ಮ ಅನನ್ಯಾ ಭಟ್ ಅವರೊಡನೆ ಹಾಡಿದ್ದಾರೆ. ಈ ಗಾಯಕಿಯ ಧ್ವನಿ ದೇಶಕ್ಕೆ ಕೇಳಿಸಿದ್ದು 2018ರಲ್ಲಿ, ನಮ್ಮ ಊರಿನ ಹೆಸರನ್ನೇ ಹೊತ್ತ ಚಿತ್ರದಿಂದ. ಆ ಚಿತ್ರದಲ್ಲಿ ನಮ್ಮ ಊರು ಎಷ್ಟಿದೆ ಎಂಬುದು ಬೇರೆ ಮಾತು. 'ಕಾಟ್ಟುಮಲ್ಲಿ' ಎಂದರೆ ಕಾಡುಮಲ್ಲಿಗೆ. ಹಾಡು ಹೊರಬಿದ್ದದ್ದೇ ತಡ, "ಬಂದರು, ಬಂದರು, ಎಂಬತ್ತರ ರಾಜ ಬಂದರು" ಎಂಬ ಜಯಘೋಷ ಎದ್ದಿತು. ಈ ಸಲ ಭಿನ್ನಾಭಿಪ್ರಾಯವೇ ಇಲ್ಲ. ತೂಗುವ ಲಯ, ಕೊಳಲು, ಹಳ್ಳಿಯ ಮಟ್ಟು, ಎಲ್ಲವೂ ಕ್ಯಾಸೆಟ್ಟಿನ ಕಾಲದ್ದೇ. ಅಣ್ಣ ರೈಲಿನಿಂದಲೇ ನನಗೆ ಫೋನು ಮಾಡಿದ. ಸುತ್ತಲ ಗದ್ದಲದಲ್ಲಿ ಅವನ ಮಾತು ಸರಿಯಾಗಿ ಕೇಳಿಸಲಿಲ್ಲ, ಧ್ವನಿ ಒದ್ದೆಯಾಗಿದ್ದದ್ದು ಕೇಳಿಸಿತು.

ಏಪ್ರಿಲ್ ತಿಂಗಳ ಒಂದು ಭಾನುವಾರ ನಾವಿಬ್ಬರೂ ಚಿತ್ರ ನೋಡಲು ಹೋದೆವು.

ನೋಡದವರಿಗಾಗಿ ಎರಡು ಮಾತು. ಬೆಟ್ಟದ ಸೀಮೆಯೊಂದರಲ್ಲಿ ಸರ್ಕಾರ ಗಣಿ ತೆರೆಯಲು ಹೊರಟಿದೆ. ಅದನ್ನು ತಡೆಯಲು ಅಲ್ಲಿನ ಜನರ ಪಡೆಯೊಂದು ಆಯುಧ ಹಿಡಿದಿದೆ. ಅವರನ್ನು ಹಿಡಿಯಲು ಪೊಲೀಸರ ಶಿಬಿರ. ಆ ಶಿಬಿರಕ್ಕೆ ಹೊಸದಾಗಿ ಬಂದ ಜೀಪು ಚಾಲಕ ಕುಮರೇಸನ್ ಎಂಬ ಸಾಧು ಪೇದೆ. ಕರಡಿಯಿಂದ ಗಾಯಗೊಂಡ ಮುದುಕಿಯನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದ ತಪ್ಪಿಗೆ ಮೇಲಧಿಕಾರಿಯಿಂದ ಶಿಕ್ಷೆಯ ಮೇಲೆ ಶಿಕ್ಷೆ ಅನುಭವಿಸುತ್ತಾನೆ. ಆ ಮುದುಕಿಯ ಮೊಮ್ಮಗಳಲ್ಲಿ ಅವನಿಗೆ ಒಲವು ಮೂಡುತ್ತದೆ. ಕಾಡುಮಲ್ಲಿಗೆ ಅವಳೇ. ಮುಂದೆ ಅದೇ ಶಿಬಿರದಲ್ಲಿ ಬೆಟ್ಟದ ಹೆಂಗಸರನ್ನು ಕೂಡಿಹಾಕಿ ಕೊಡುವ ಹಿಂಸೆಯನ್ನು ನೋಡುವುದು ಕಷ್ಟ. ಕೂಡಿಹಾಕಿದವರಲ್ಲಿ ಅವಳೂ ಇದ್ದಾಳೆ. ಕಥೆ ನಡೆಯುವುದು 1987ರಲ್ಲಿ.

ಈ ಕೊನೆಯ ಸಂಗತಿಯನ್ನು ಜಯಘೋಷ ಮಾಡಿದವರಲ್ಲಿ ಎಷ್ಟು ಮಂದಿ ಗಮನಿಸಿದರೋ ಕಾಣೆ. ಹಾಡು 1987ರಂತೆ ಕೇಳಿಸುವುದು ಕಥೆ 1987ರದಾದ್ದರಿಂದ. ಅಭಿಮಾನಿಗಳಿಗೆ ಅವರ ಯೌವನವನ್ನು ಹಿಂದಿರುಗಿಸಲೆಂದು ರಾಜ ಆ ಮಟ್ಟನ್ನು ಹಾಕಿಲ್ಲ. ಕ್ಷೇಮೇಂದ್ರ ಔಚಿತ್ಯ ಎಂದು ಕರೆದದ್ದು ಇದನ್ನು. ಅಲ್ಲಿನ ಪೇದೆಯೂ ಆ ವರ್ಷ ಯಾವುದ����ೋ ಅಂಗಡಿಯ ಮುಂದೆ ನಿಂತು ಇಂಥದೇ ಹಾಡು ಕೇಳಿರಬಹುದಾದವನು, ಅವನ ಒಲವಿಗೆ ಆ ಕಾಲದ ಹಾಡೇ ತಕ್ಕುದು. ಇನ್ನೂ ಒಂದು ಸೂಕ್ಷ್ಮವಿದೆ. ಯುವಕನ ಒಲವಿನ ಹಾಡನ್ನು ಎಂಬತ್ತರ ಹತ್ತಿರದ ಮುದುಕರ ಧ್ವನಿ ಹಾಡುತ್ತಿದೆ. ಮನೆಯಲ್ಲಿ ಕೇಳುವಾಗ ನನಗೆ ಇದು ಹೊಂದದೆಂದೇ ತೋರಿತ್ತು. ಚಿತ್ರಮಂದಿರದಲ್ಲಿ ಕುಳಿತಾಗ ಬೇರೆಯಾಯಿತು. ಮುಂದೆ ಏನಾಗುವುದೆಂದು ಬಲ್ಲ ಹಿರಿಯನೊಬ್ಬ, ಏನೂ ಅರಿಯದ ಈ ಹುಡುಗರನ್ನು ದೂರದಿಂದ ನೋಡಿ ಹಾಡಿಕೊಳ್ಳುತ್ತಿರುವಂತಿದೆ ಆ ಧ್ವನಿ. ಅದರಲ್ಲಿ ಸವೆದುಹೋದದ್ದು ಏನಿದೆಯೋ ಅದು ಹಾಡಿಗೆ ಬೇಕಾಗಿದೆ. ಅನನ್ಯಾ ಅವರ ಎಳೆಯ, ಕಾಡಿನ ಕಂಪಿರುವ ಧ್ವನಿ ಅದರ ಪಕ್ಕದಲ್ಲಿ ಬಂದಾಗ, ಇದು ಉಳಿಯುವುದಿಲ್ಲ ಎಂಬ ಹೆದರಿಕೆ ಹಾಡು ಮುಗಿಯುವುದರೊಳಗೇ ಹುಟ್ಟುತ್ತದೆ. ಒಂದು ತಿಂಗಳಿನಿಂದ ಈ ಹಾಡನ್ನು ಸಿಹಿ ಎಂದು ಚಪ್ಪರಿಸಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು.

ಅಂದರೆ 2012ರ ಹಾಡುಗಳನ್ನು ಹಳೆಯದಲ್ಲವೆಂದು ತಳ್ಳಿದ ಕಿವಿಯೇ 2023ರ ಹಾಡನ್ನು ಹಳೆಯದೆಂದು ಅಪ್ಪಿಕೊಂಡಿತು; ಎರಡು ಸಲವೂ ಹಾಡು ಅಲ್ಲಿ ಏನು ಮಾಡುತ್ತಿದೆ ಎಂದು ಕೇಳಲಿಲ್ಲ. ತಪ್ಪು ಕಿವಿಯದಷ್ಟೇ ಅಲ್ಲ. ಚಿತ್ರಕ್ಕಿಂತ ತಿಂಗಳು ಮುಂಚೆ ಹಾಡನ್ನು ಕಿತ್ತು ಬೀದಿಗೆ ತರುವ ವ್ಯಾಪಾರದ ಪದ್ಧತಿಯೂ ಇದಕ್ಕೆ ಕಾರಣ. ನಾಟಕದಿಂದ ನಾಂದಿಯನ್ನೋ ಭರತವಾಕ್ಯವನ್ನೋ ಬೇರ್ಪಡಿಸಿ ಮಾರಿದರೆ ಕಾಳಿದಾಸನಿಗೂ ಇದೇ ಗತಿಯಾಗುತ್ತಿತ್ತು.

ಹೀಗೆಂದರೆ ಅಣ್ಣನಂಥವರ ಪ್ರೀತಿ ಹುಸಿ ಎಂದು ಅರ್ಥವಲ್ಲ. ಮುಚ್ಚಿದ ಗಣಿಯ ಊರಿನಲ್ಲಿ ಮನುಷ್ಯನಿಗೆ ತನ್ನದೆಂದು ಉಳಿಯುವುದು ಹೆಚ್ಚೇನಿಲ್ಲ. ಅದರಲ್ಲಿ ಹಾಡೂ ಒಂದಾದರೆ, ಅದನ್ನು ಯಾರೂ ಮುಟ್ಟಬಾರದು, ಅದನ್ನು ಕಟ್ಟಿದವನೂ ಮುಟ್ಟಬಾರದು ಎಂದು ಅವನಿಗೆ ಅನ್ನಿಸುವುದು ಸಹಜ. ಹನ್ನೊಂದು ವರ್ಷದ ಹಿಂದೆ ಊಟದ ತಟ್ಟೆಯ ಮುಂದೆ ನಾನು ಆಡಿದ ಮಾತು ವಿಚಾರದಲ್ಲಿ ಸರಿಯಿದ್ದಿರಬಹುದು, ಆಡಬಾರದಾಗಿತ್ತು.

ಚಿತ್ರದಲ್ಲಿ ಆ ಹಾಡು ಬಂದಾಗ ಸುತ್ತ ಶಿಳ್ಳೆ ಹಾಕಿದರು. ಅಣ್ಣ ಮೊದಲ ಸಾಲಿಗೆ ತುಟಿ ಆಡಿಸಿದ್ದನ್ನು ಕಂಡೆ. ಎರಡನೆಯ ಚರಣದ ಹೊತ್ತಿಗೆ ನಿಂತಿತು. ಶಿಬಿರದ ದೃಶ್ಯಗಳು ಬಂದಾಗ ಅವನು ತಲೆ ತಗ್ಗಿಸಿ ಕುಳಿತಿದ್ದ. ಹಿಂದಿರುಗುವಾಗ ಬಸ್ಸಿನಲ್ಲಿ ಯಾರೋ ಹುಡುಗ ಫೋನಿನಲ್ಲಿ ಅದೇ ಹಾಡನ್ನು ಜೋರಾಗಿ ಹಾಕಿದ. ಅಣ್ಣ ಕಿಟಕಿಯ ಕಡೆಗೆ ತಿರುಗಿ ಸಯನೈಡ್ ದಿಬ್ಬಗಳನ್ನು ನೋಡುತ್ತಿದ್ದ. ಮನೆಗೆ ಬಂದು ನೀರು ಕುಡಿದು, ಸ್ವಲ್ಪ ಹೊತ್ತು ಬಿಟ್ಟು, "ಆವತ್ತು ಎಂಟು ಹಾಡು ಅಂತ ಹೇಳ್ತಿದ್ದೆಯಲ್ಲ, ಹಾಕು" ಎಂದ.

ಹಾಕಿದೆ. ಕಣ್ಣು ಮುಚ್ಚಿಕೊಂಡು ಮೂರು ಹಾಡು ಕೇಳಿದ. ನಾಲ್ಕನೆಯದರ ನಡುವೆ ಕಣ್ಣು ತೆರೆದು, "ಇಲ್ಲಿ ಗಿಟಾರು ಸ್ವಲ್ಪ ಜಾಸ್ತಿಯಾಯ್ತು" ಎಂದ.